ಒಂದೇ ಹಗ್ಗ, ಎರಡು ಕಥೆ

ಕಳೆದ ಅವರೆಕಾಯಿ ಕಾಲದಲ್ಲಿ ಎರಡು ದಿನ ದೊಡ್ಡಬೆಳವಂಗಲದಲ್ಲಿದ್ದೆ. ನಮ್ಮ ಅಕ್ಕನನ್ನು ಕೊಟ್ಟ ಊರು ಅದು. ಭಾವನವರು ಹೈಸ್ಕೂಲು ಮೇಷ್ಟರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಎರಡು ಬೀರು ತುಂಬ ಕನ್ನಡ ಪುಸ್ತಕಗಳಿವೆ. ಮಿಕ್ಕ ಜಾಗದಲ್ಲಿ ರಾಗಿ ಮೂಟೆಗಳಿವೆ. ಭಾನುವಾರ ರಾತ್ರಿ ಹಿದುಕಿದ ಬೇಳೆಯ ಸಾರಿನ ಊಟ ಮುಗಿಸಿ ಜಗಲಿಯಿಂದ ಒಳಗೆ ಬಂದರೆ ಟಿ.ವಿ.ಯಲ್ಲಿ 'ದಂಡುಪಾಳ್ಯ' ಚಿತ್ರ ನಡೆಯುತ್ತಿತ್ತು. ಪಕ್ಕದ ಮನೆಯ ಗೌಡರೂ ಬಂದು ಕಂಬಕ್ಕೊರಗಿ ಕುಳಿತರು. ಅರ್ಧ ಚಿತ್ರವಾಗುವಷ್ಟರಲ್ಲಿ ಗೌಡರು ತೀರ್ಪು ಕೊಟ್ಟಾಗಿತ್ತು.

"ಇಂಥೋರ್ನ ಕೋರ್ಟು ಗೀರ್ಟು ಅಂತ ಅಲೆದಾಡಿಸಬಾರ್ದು ಮೇಷ್ಟ್ರೇ. ಸಂತೆ ಮಾಳದಲ್ಲಿ ನಿಲ್ಸಿ ನೇಣು ಹಾಕ್ಬೇಕು."

ಭಾವನವರು ಹೌದೆಂದು ತಲೆದೂಗಿದರು. ನಾನೂ ಅಲ್ಲವೆನ್ನಲಿಲ್ಲ.

ಮಾರನೆಯ ಬೆಳಗ್ಗೆ ಅದೇ ಭಾವನವರು ಬೀರುವಿನಿಂದ ನಿರಂಜನರ 'ಚಿರಸ್ಮರಣೆ'ಯನ್ನು ತೆಗೆದು ನನ್ನ ಕೈಗಿತ್ತರು. ಹಿಂದೆ ತರಗತಿಯಲ್ಲಿ ಆ ಕಾದಂಬರಿಯನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದರಂತೆ. "ಕೊನೆಯ ಭಾಗಕ್ಕೆ ಬಂದಾಗ ಗಂಟಲು ಕಟ್ಟಿಹೋಗುತ್ತಿತ್ತು. ಆ ನಾಲ್ವರನ್ನು ಹೇಗಾದರೂ ನೇಣಿನಿಂದ ತಪ್ಪಿಸಬಾರದಿತ್ತೆ ಎನ್ನಿಸುತ್ತಿತ್ತು" ಎಂದರು. ಹೀಗೆ ಹನ್ನೆರಡು ಗಂಟೆಗಳ ಅವಧಿಯಲ್ಲಿ ಒಂದೇ ಮನೆಯೊಳಗೆ, ಒಬ್ಬನೇ ಸಜ್ಜನನ ಬಾಯಲ್ಲಿ, ಗಲ್ಲು ಬೇಕೆಂಬ ಮಾತೂ ಬೇಡವೆಂಬ ಮಾತೂ ಕೇಳಿದ್ದಾಯಿತು. ನಗಬೇಕಾದ ಸಂಗತಿಯಲ್ಲ, ನನ್ನ ಮನಸ್ಸೂ ಹಾಗೆಯೇ ಇತ್ತು. ಮರಣದಂಡನೆಯನ್ನು ಕುರಿತ ನಮ್ಮ ಅಭಿಪ್ರಾಯಗಳನ್ನು ನಾವು ವಿಚಾರದಿಂದ ಪಡೆಯುತ್ತೇವೆಯೋ, ಅಥವಾ ನಮಗೆ ಕಥೆ ಹೇಳಿದವರಿಂದ ಎರವಲು ತರುತ್ತೇವೆಯೋ ಎಂಬ ಸಂದೇಹ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಎರಡು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಲು ಹೊರಟದ್ದು ಅದಕ್ಕಾಗಿಯೇ.

ಮೊದಲು ಚಿತ್ರದ ವಿಷಯ. ಶ್ರೀನಿವಾಸರಾಜು ನಿರ್ದೇಶಿಸಿದ 'ದಂಡುಪಾಳ್ಯ' 2012ರಲ್ಲಿ ತೆರೆಗೆ ಬಂತು. ದಂಡುಪಾಳ್ಯ ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿ. ದೊಡ್ಡಬೆಳವಂಗಲದಂತೆಯೇ ಬೆಂಗಳೂರಿನ ನೆರಳಿನಲ್ಲಿ ಬೆಳೆದ ಊರು. ಒಂದು ತಂಡದ ಪಾತಕಗಳಿಂದಾಗಿ ಆ ಊರಿನ ಹೆಸರೇ ಪಾತಕದ ಹೆಸರಾಗಿಹೋಯಿತು. ಅಲ್ಲಿ ಹೊಲ ಉತ್ತು, ಹಾಲು ಕರೆದು ಬಾಳುತ್ತಿರುವವರು ತಮ್ಮ ಊರು ಯಾವುದೆಂದು ಹೇಳಿಕೊಳ್ಳುವಾಗ ಏನನ್ನು ಅನುಭವಿಸಬೇಕೋ ಚಿತ್ರ ಮಾಡಿದವರು ಯೋಚಿಸಿದಂತಿಲ್ಲ.

ಆದರೆ ಗೌಡರ ಕೋಪವನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಆ ತಂಡದವರು ಒಂಟಿ ಮನೆಗಳ ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳುತ್ತಿದ್ದರೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನೋದಿದ ಮೇಲೆ ನಮ್ಮ ಅಕ್ಕ ಹಗಲು ಹೊತ್ತಿನಲ್ಲಿಯೂ ಅಗಳಿ ಹಾಕಿಕೊಳ್ಳತೊಡಗಿದಳು. ಗುರುತಿಲ್ಲದವರು ನೀರು ಕೇಳಿದರೆ ಅಡಿಗೆಮನೆಯ ಕಿಟಕಿಯ ಸರಳುಗಳ ನಡುವಿನಿಂದ ಲೋಟ ಚಾಚುವಳು. ಬಂದವರಿಗೆ ನೀರು ಬೆಲ್ಲ ಕೊಟ್ಟ ಮೇಲೆಯೇ ಊರು ಕೇರಿ ವಿಚಾರಿಸುವ ಸೀಮೆ ಇದು. ಕೊಲೆಗಡುಕರು ಕೊಂದದ್ದು ಸತ್ತವರನ್ನು ಮಾತ್ರವಲ್ಲ, ಸಾವಿರಾರು ಮನೆಗಳ ಈ ನಂಬಿಕೆಯನ್ನೂ ಕೊಂದರು. ಗಲ್ಲು ಬೇಕೆನ್ನುವವರ ವಾದದಲ್ಲಿ ಹುರುಳಿರುವುದು ಇಲ್ಲಿ. ಹೆದರಿಕೆಯಿಂದ ಇತರರು ಪಾಪ ಮಾಡದಿರುತ್ತಾರೆಂಬ ಲೆಕ್ಕಾಚಾರ ಅವರ ನಿಜವಾದ ಬಲವಲ್ಲ. ಕೆಲವು ಕೃತ್ಯಗಳಿಗೆ ಸಮಾಜ ತನ್ನ ಬಳಿಯಿರುವ ಅತ್ಯಂತ ಕಠಿಣವಾದ ಮಾತಿನಲ್ಲಿ ಉತ್ತರ ಹೇಳದಿದ್ದರೆ, ಸತ್ತವರ ಪ್ರಾಣಕ್ಕೆ ಬೆಲೆಯಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ ಎನ್ನುವುದು ಅವರ ಬಲ. ಇದಕ್ಕೆ ಸಿದ್ಧ ಉತ್ತರ ನನ್ನಲ್ಲಿಲ್ಲ.

ಚಿತ್ರವಾದರೂ ಈ ವಾದಕ್ಕೆ ನ್ಯಾಯ ಒದಗಿಸಿತೆ ಎಂದರೆ ಅದೂ ಇಲ್ಲ. 'ಮುಂಗಾರು ಮಳೆ'ಯ ಕೋಮಲ ನಾಯಕಿಯಾಗಿದ್ದ ಪೂಜಾ ಗಾಂಧಿ ಇಲ್ಲಿ ಬೀಡಿ ಸೇದುವ ಲಕ್ಷ್ಮಿಯಾಗಿ ನಿಜಕ್ಕೂ ನಡುಕ ಹುಟ್ಟಿಸುತ್ತಾರೆ. ಆ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಕತ್ತಿಯ ಅಲಗಿನ ಮೇಲೆ ನಿಲ್ಲುವಷ್ಟು ಹೊತ್ತು ಕ್ಯಾಮೆರಾ ಸತ್ತವರ ಬದುಕಿನ ಮೇಲೆ ನಿಲ್ಲುವುದಿಲ್ಲ. ಕೊಲ್ಲುವವರಿಗೂ ಬಾಲ್ಯವಿಲ್ಲ, ಹಸಿವಿಲ್ಲ; ಬಯಲಾಟದ ರಾಕ್ಷಸ ವೇಷದಂತೆ ಅಬ್ಬರಿಸುತ್ತ ಬರುತ್ತಾರೆ, ಹೋಗುತ್ತಾರೆ. ಪ್ರೇಕ್ಷಕನಲ್ಲಿ ಹುಟ್ಟುವುದು ನ್ಯಾಯದ ಹಂಬಲವಲ್ಲ, ಹೇಸಿಗೆ. ಹೇಸಿಗೆಗೆ ಸುಲಭವಾದ ಮದ್ದು ಹಗ್ಗ.

ಇದೇ ನಿರ್ದೇಶಕರ ಎರಡನೆಯ ಚಿತ್ರ 2017ರಲ್ಲಿ ಬಂದಾಗ ವಿಚಿತ್ರವೊಂದು ನಡೆಯಿತು. ಅದರಲ್ಲಿ ಪತ್ರಕರ್ತೆಯೊಬ್ಬಳು ಇವರೇ ಕೊಂದವರೆಂದು ಹೇಗೆ ಗೊತ್ತಾಯಿತೆಂದು ಪ್ರಶ್ನೆ ಎತ್ತುತ್ತಾಳೆ. ಠಾಣೆಯೊಳಗಿನ ಹೊಡೆತ ಬಡಿತಗಳನ್ನು ಕಣ್ಣು ಮುಚ್ಚಿಕೊಳ್ಳುವಂತೆ ತೋರಿಸಲಾಗಿದೆ. ಮೊದಲ ಚಿತ್ರ ನೋಡಿ ನೇಣು ನೇಣು ಎಂದು ಕೂಗಿದವನು ಇಲ್ಲಿ ಕುರ್ಚಿಯಲ್ಲಿ ಮಿಸುಕಾಡಬೇಕಾಗುತ್ತದೆ. ಆ ಮಿಸುಕಾಟವನ್ನು ಕೊನೆಮುಟ್ಟಿಸುವ ತಾಳ್ಮೆ ಮಾತ್ರ ಸರಣಿಗಿಲ್ಲ; 2018ರ ಮೂರನೆಯ ಚಿತ್ರವೂ ಅದನ್ನು ಮುಂದುವರಿಸಲಿಲ್ಲ. ಶಂಕೆಯೂ ಅಲ್ಲಿ ರಕ್ತದಂತೆಯೇ ಒಂದು ಮಸಾಲೆ. ನಿಜಜೀವನದಲ್ಲಿ ಈ ತಂಡಕ್ಕೆ ವಿಚಾರಣಾ ನ್ಯಾಯಾಲಯ ವಿಧಿಸಿದ್ದ ಮರಣದಂಡನೆ ಕೆಲವು ಪ್ರಕರಣಗಳಲ್ಲಿ ಹೈಕೋರ್ಟಿನಲ್ಲಿ ಜೀವಾವಧಿಗೆ ಇಳಿಯಿತು. ಗೌಡರ ಸಂತೆ ಮಾಳದ ತೀರ್ಪು ಜಾರಿಯಾಗಿದ್ದರೆ ಹೈಕೋರ್ಟಿಗೆ ಕೆಲಸವಿರುತ್ತಿರಲಿಲ್ಲ.

ಇನ್ನು 'ಚಿರಸ್ಮರಣೆ'. ಕಯ್ಯೂರು ಕಾಸರಗೋಡು ಸೀಮೆಯ ಹಳ್ಳಿ. ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1941ರ ಮಾರ್ಚಿಯಲ್ಲಿ ರೈತರ ಮೆರವಣಿಗೆಯ ಕಾಲಕ್ಕೆ ಸುಬ್ಬರಾಯನೆಂಬ ಪೊಲೀಸಿನವನು ಹೊಳೆಯಲ್ಲಿ ಸತ್ತ. ಅದಕ್ಕಾಗಿ ಅಪ್ಪು, ಚಿರುಕಂಡ, ಕುಂಞಂಬು, ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚಿ 29ರಂದು ಕಣ್ಣಾನೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಐದನೆಯವನೊಬ್ಬನಿದ್ದ, ವಯಸ್ಸು ಸಾಲದೆಂಬ ಕಾರಣಕ್ಕೆ ಉಳಿದುಕೊಂಡ. ಮರು ವರ್ಷವೇ, 1944ರಲ್ಲಿ, ಅದೇ ಮಲಯಾಳ ನಾಡಿನ ತಿರುವಾಂಕೂರು ಸಂಸ್ಥಾನ ಮರಣದಂಡನೆಯನ್ನು ತೆಗೆದುಹಾಕಿತು. ಗಡಿಯ ಗೆರೆ, ಹುಟ್ಟಿದ ವರ್ಷ, ಇಂಥವುಗಳ ಮೇಲೆ ಕೊರಳು ನಿಲ್ಲುವುದನ್ನು ನೋಡಿದಾಗ ಕಾನೂನಿಗಿಂತ ಜಾತಕವೇ ವಾಸಿ ಎನ್ನಿಸಿದರೆ ಆಶ್ಚರ್ಯವಿಲ್ಲ.

1955ರಲ್ಲಿ ಪ್ರಕಟವಾದ ಈ ಕಾದಂಬರಿಯ ಶಕ್ತಿಯಿರುವುದು ಅದು ತೆಗೆದುಕೊಳ್ಳುವ ಸಾವಧಾನದಲ್ಲಿ. ನೇಣಿಗೆ ಹೋಗುವವರನ್ನು ನಾವು ಮೊದಲು ಹುಡುಗರಾಗಿ ಕಾಣುತ್ತೇವೆ. ಅವರ ಮನೆ, ಗೇಣಿ, ಜಮೀನುದಾರನ ದರ್ಪ, ಅಕ್ಷರ ಕಲಿಸುವ ಮಾಸ್ತರರು, ಸಂಘ ಕಟ್ಟುವ ಉತ್ಸಾಹ, ಎಲ್ಲವನ್ನೂ ಕಂಡ ಮೇಲೆಯೇ ಸೆರೆಮನೆಯ ಬಾಗಿಲು ಬರುತ್ತದೆ. ಅಷ್ಟು ಹೊತ್ತಿಗೆ ಅವರು ನಮ್ಮ ಮನೆಯ ಮಕ್ಕಳಾಗಿಬಿಟ್ಟಿರುತ್ತಾರೆ. ಆಮೇಲೆ ಹಗ್ಗದ ಬಗ್ಗೆ ವಾದ ಬೇಕಾಗುವುದಿಲ್ಲ.

ಬೇಕಾಗುವುದಿಲ್ಲ ಎನ್ನುವುದೇ ನನ್ನ ತಕರಾರು. ಕಯ್ಯೂರಿನ ನಾಲ್ವರಿಗಾಗಿ ಅತ್ತವನು ಮರಣದಂಡನೆಯ ವಿರೋಧಿಯಾದಂತಾಗಲಿಲ್ಲ; ಅನ್ಯಾಯದ ವಿರೋಧಿಯಾದ, ಅಷ್ಟೆ. ಆತನಿಗೆ ಮರುದಿನ ದಂಡುಪಾಳ್ಯ ತೋರಿಸಿದರೆ ಗೌಡರ ಪಕ್ಕದಲ್ಲಿ ಕುಳಿತು ತಲೆದೂಗುತ್ತಾನೆ. ಒಂದು ಕೃತಿ ಗಲ್ಲಿಗೇರುವವರನ್ನು ಪುತ್ಥಳಿ ಮಾಡಿತು, ಇನ್ನೊಂದು ಪಿಶಾಚಿ ಮಾಡಿತು. ಎರಡರಲ್ಲಿಯೂ ಕಾಣದವನೊಬ್ಬನಿದ್ದಾನೆ: ನಿಜವಾಗಿಯೂ ಘೋರ ತಪ್ಪು ಮಾಡಿದ, ಆದರೂ ಮನುಷ್ಯನಾಗಿಯೇ ಉಳಿದಿರುವ ಅಪರಾಧಿ. ಮರಣದಂಡನೆಯ ಪ್ರಶ್ನೆ ಪ್ರಶ್ನೆಯಾಗುವುದು ಅವನ ಮುಂದೆ ಮಾತ್ರ. (ಇಂಗ್ಲಿಷ್, ಫ್ರೆಂಚ್ ಓದಿಕೊಂಡವರು ಕಮೂನ 'ದಿ ಸ್ಟ್ರೇಂಜರ್' ಇದೆಯಲ್ಲ ಎನ್ನಬಹುದು. ಅಲ್ಜೀರಿಯದ ಬಿಸಿಲು ದೊಡ್ಡಬೆಳವಂಗಲದ ಜಗಲಿಗೆ ಬೀಳುವುದು ಕಷ್ಟ.)

ಅಂಥವನನ್ನು ನಮ್ಮ ಸಾಹಿತ್ಯ ಕಾಣದಿದ್ದರೂ ನಮ್ಮ ನ್ಯಾಯಾಲಯಗಳು ಕಂಡಿವೆ. ಉಮೇಶ್ ರೆಡ್ಡಿಯ ಪ್ರಕರಣವನ್ನು ನೋಡಿ. 1998ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರವೆಸಗಿ ಕೊಂದವನು. ಅವನಿಗಾಗಿ ಕಣ್ಣೀರಿಡುವ ಕಾದಂಬರಿಯನ್ನು ಯಾರೂ ಬರೆಯಲಾರರು. 2006ರಲ್ಲಿ ಮರಣದಂಡನೆಯಾಯಿತು, ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು, 2013ರಲ್ಲಿ ದಯಾಭಿಕ್ಷೆಯ ಅರ್ಜಿಯೂ ತಿರಸ್ಕೃತವಾಯಿತು. ಆದರೆ 2022ರ ನವೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟು ಅವನ ಶಿಕ್ಷೆಯನ್ನು ಇಳಿಸಿ, ಕನಿಷ್ಠ ಮೂವತ್ತು ವರ್ಷದ ಸೆರೆವಾಸವೆಂದಿತು. ಕಾರಣ, ಬೆಳಗಾವಿಯ ಸೆರೆಮನೆಯಲ್ಲಿ ಅವನನ್ನು ಸುಮಾರು ಹತ್ತು ವರ್ಷ ಕಾನೂನಿಗೆ ವಿರುದ್ಧವಾಗಿ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಅವನು ಒಳ್ಳೆಯವನೆಂದು ಯಾರೂ ಹೇಳಲಿಲ್ಲ. ನಾವು ಹೀಗೆ ನಡೆದುಕೊಳ್ಳಬಾರದಿತ್ತು ಎಂದು ಹೇಳಿದರು. ಆ ವ್ಯತ್ಯಾಸದಲ್ಲಿ ಒಂದು ಇಡೀ ಕಾದಂಬರಿ ಮಲಗಿದೆ.

ಅದೇ ಬೆಳಗಾವಿ ಸೆರೆಮನೆಯಲ್ಲಿದ್ದ ವೀರಪ್ಪನ್ನನ ನಾಲ್ವರು ಸಹಚರರ ವೃತ್ತಾಂತ ಇನ್ನೂ ಸೋಜಿಗದ್ದು. 1993ರ ಪಾಲಾರ್ ನೆಲಬಾಂಬಿನ ಸ್ಫೋಟದಲ್ಲಿ 22 ಮಂದಿ ಸತ್ತರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಈ ನಾಲ್ವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಅದನ್ನು ಗಲ್ಲಿಗೆ ಏರಿಸಿತು. 2013ರಲ್ಲಿ ರಾಷ್ಟ್ರಪತಿಗಳು ದಯೆ ನಿರಾಕರಿಸಿದರು. 2014ರ ಜನವರಿ 21ರಂದು, ದಯಾ ಅರ್ಜಿಯ ತೀರ್ಮಾನಕ್ಕೆ ತೀರ ವಿಳಂಬವಾಯಿತೆಂಬ ಕಾರಣದಿಂದ, ಮತ್ತೆ ಜೀವಾವಧಿ. ಕೃತ್ಯ ಅದೇ, ಜನ ಅವರೇ. ಪ್ರಾಣ ಮಾತ್ರ ಏತದ ಬಾನಿಯಂತೆ ಮೇಲೆ ಕೆಳಗೆ ಆಡಿತು. 'ಅಪರೂಪದಲ್ಲಿ ಅಪರೂಪ'ದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದು ಸುಪ್ರೀಂ ಕೋರ್ಟು 1980ರಲ್ಲಿಯೇ ಅಳತೆಗೋಲು ಹಾಕಿಕೊಟ್ಟಿತ್ತು. ಅಳತೆಗೋಲು ಒಂದೇ ಆದರೂ ಹಿಡಿದ ಕೈಗೊಂದೊಂದು ಅಳತೆ ಬರುತ್ತದೆ. ಶ್ರದ್ಧಾನಂದನ ಪ್ರಕರಣದಲ್ಲಿ, ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯಂಗಳದಲ್ಲೇ ಹೂತವನಲ್ಲವೆ ಅವನು, ಒಂದೇ ಪೀಠದ ಇಬ್ಬರು ನ್ಯಾಯಮೂರ್ತಿಗಳು ಒಬ್ಬರು ಗಲ್ಲೆಂದೂ ಒಬ್ಬರು ಸಾಯುವತನಕ ಸೆರೆಯೆಂದೂ ಬೇರೆ ಬೇರೆ ನುಡಿದರು. 2008ರಲ್ಲಿ ಮೂವರ ಪೀಠ ಸೆರೆಯನ್ನೇ ಆಯ್ದುಕೊಂಡಿತು. ಹೀಗೆ ಜೀವವಿಡೀ ಕೊಳೆಯುವುದಕ್ಕಿಂತ ಒಂದು ಕ್ಷಣದ ಸಾವೇ ಕರುಣೆಯೆಂದು ಜಾನ್ ಸ್ಟುಅರ್ಟ್ ಮಿಲ್ 1868ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ವಾದಿಸಿದ್ದ. ಭಾವನವರದೂ ಇದೇ ವಾದ. ಅದು ತೂಕದ ಮಾತೆಂದು ಒಪ್ಪುತ್ತೇನೆ. ಆದರೆ ಸೆರೆಯ ಬಾಗಿಲನ್ನು ತಪ್ಪು ತಿಳಿದ ದಿನ ತೆರೆಯಬಹುದು.

ಸಂವಿಧಾನ ಸಭೆಯಲ್ಲಿ 1949ರ ಜೂನಿನಲ್ಲಿ ಈ ಮಾತು ಬಂದಾಗ, ಮರಣದಂಡನೆಯನ್ನು ಪೂರ್ತಿಯಾಗಿ ತೆಗೆದುಹಾಕುವುದಕ್ಕೇ ತಮ್ಮ ಒಲವೆಂದು ಅಂಬೇಡ್ಕರರು ಹೇಳಿದ್ದರು. ಕಾನೂನು ಆಯೋಗ 1967ರಲ್ಲಿ ಇರಲಿ ಎಂದಿತು; 2015ರಲ್ಲಿ ಭಯೋತ್ಪಾದನೆಯ ಅಪರಾಧಗಳ ಹೊರತು ಉಳಿದವಕ್ಕೆ ಬೇಡವೆಂದಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆ ಉಳಿಸಿಕೊಂಡಿತು. ನನ್ನ ಮತ ಅಂಬೇಡ್ಕರರ ಕಡೆಗಿದೆ. ಹಾಗೆಂದು ಅಕ್ಕನ ಕಿಟಕಿಯ ಮುಂದೆ ನಿಂತು ದೊಡ್ಡ ದನಿಯಲ್ಲಿ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಹೊರಡುವ ದಿನ ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಗೌಡರಿಗೆ 'ಚಿರಸ್ಮರಣೆ'ಯ ಕಥೆ ಹೇಳಿದೆ. ಕ್ಯಾನನ್ನು ಕಟ್ಟೆಯ ಮೇಲಿಟ್ಟು ಕೊನೆಯವರೆಗೂ ಕೇಳಿದರು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಲ್ಲಾ ಸ್ವಾಮಿ, ಆ ಹೊಳೇಲಿ ಸತ್ತ ಪೊಲೀಸ್ನೋನು, ಅವನ ಮನೆಯೋರ ಕಥೆ?"

"ಈ ಪುಸ್ತಕ ಅವರ ಕಥೆಯಲ್ಲ ಗೌಡರೆ" ಎಂದೆ.

"ನಿನ್ನೆ ಸಿನಿಮಾದಾಗೂ ಹಂಗೇ ಆಯ್ತು ನೋಡಿ, ಸತ್ತೋರ ಹೆಸರು ಒಂದೂ ನೆಪ್ಪಿಲ್ಲ" ಎಂದರು. ಆಮೇಲೆ ಪುಸ್ತಕವನ್ನು ಭಾವನವರ ಕೈಯಿಂದ ಕೇಳಿ ಈಸಿಕೊಂಡು, ಟವಲಿನಲ್ಲಿ ಸುತ್ತಿ, ಕ್ಯಾನನ್ನೆತ್ತಿಕೊಂಡು ಮನೆಯ ಕಡೆ ಹೋದರು.