ಸೋಸಲೆಯ ಪ್ರಾರ್ಥನೆಯೂ ಕನ್ನಡದ ಚಿತ್ರಗೀತೆಯೂ

ಕನ್ನಡ ಚಿತ್ರಗೀತೆಯ ಮೂಲವನ್ನರಸುವವರು ಸಾಮಾನ್ಯವಾಗಿ 1934ರ ‘ಸತಿ ಸುಲೋಚನಾ’ದವರೆಗೆ ಹೋಗಿ ನಿಂತುಬಿಡುತ್ತಾರೆ, ಆದರೆ ಆ ವಾಕ್ಚಿತ್ರದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರಂಥ ನಟರನ್ನು ಬೆಳೆಸಿದ ರಂಗಭೂಮಿಯ ಹಿಂದೆ, ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಕಾಳಿದಾಸ ಶೂದ್ರಕರನ್ನು ಕನ್ನಡಿಸಿದ ಪಂಡಿತಮಂಡಲಿಯೊಂದಿತ್ತೆಂಬುದನ್ನು ಮರೆಯಲಾಗದು. ಬಸವಪ್ಪಶಾಸ್ತ್ರಿಗಳ ‘ಶಾಕುಂತಲ’, ಕಪಿಲಾತೀರದ ನಂಜನಗೂಡಿನ ಸುಬ್ಬಾಶಾಸ್ತ್ರಿಗಳ ‘ಮೃಚ್ಛಕಟಿಕ’ ಇವು ಆ ಮಂಡಲಿಯ ಫಲಗಳು. ಆ ಕಪಿಲೆಯೇ ಮುಂದೆ ಹರಿದು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸೀಮೆಗೆ ಸೇರಿದ ಸೋಸಲೆಯಲ್ಲಿ 1854ರಲ್ಲಿ ಜನಿಸಿದ ಅಯ್ಯಾಶಾಸ್ತ್ರಿಗಳೂ ಅದೇ ಪರಂಪರೆಯವರು.

ಅವರ ‘ಸ್ವಾಮಿ ದೇವನೆ’ ಎಂಬ ಪ್ರಾರ್ಥನೆಯನ್ನು ಶಾಲೆಯಂಗಳದಲ್ಲಿ ಕೈಮುಗಿದು ಹಾಡದ ಮೈಸೂರು ಸೀಮೆಯ ಹಿರಿಯರು ವಿರಳ. ಈ ಗೀತೆಯ ಬಂಧವನ್ನು ಪರಿಶೀಲಿಸಿದರೆ ಅದು ಮಲ್ಲಿಕಾಮಾಲಾವೃತ್ತ. ಪಾದಕ್ಕೆ 18 ಅಕ್ಷರ; ಮೂರು ನಾಲ್ಕು ಮಾತ್ರೆಗಳಾಗಿ ಒಡೆಯುವ ಏಳರ ಗಣ ಮೂರು ಸಲ ಬಂದು, ಕೊನೆಗೆ ಐದು ಮಾತ್ರೆಗಳಲ್ಲಿ ಪಾದ ನಿಲ್ಲುತ್ತದೆ. ಮೊದಲೆರಡು ಗಣಗಳು ಮುಗಿಯುವಲ್ಲಿಯೇ ಸಂಬೋಧನೆಗಳೂ ಮುಗಿಯುವುದರಿಂದ, ತಾಳವನ್ನರಿಯದ ಮಗುವಿಗೂ ಉಸಿರಿನ ತಾಣ ತಾನಾಗಿ ತಿಳಿಯುತ್ತದೆ. ಸಂಸ್ಕೃತದ ನಮಸ್ಕಾರದಲ್ಲಿ ಪಾದ ಮುಗಿದರೂ ಅರ್ಥ ಎಲ್ಲಿಯೂ ತೊಡಕಾಗದು. ಪಾಂಡಿತ್ಯವು ತನ್ನನ್ನು ಮರೆಮಾಡಿಕೊಂಡು ಸರ್ವರ ಕಂಠಕ್ಕೂ ಒದಗುವುದು ಕವಿಕರ್ಮದಲ್ಲಿ ಅತಿ ಕಠಿನವಾದದ್ದೆಂದೇ ನನ್ನ ಭಾವನೆ.

ಪರಂಪರೆಯೆಲ್ಲವೂ ಹೀಗಿತ್ತೆನ್ನಲಾಗದು. ನಾಟಕದ ಹಾಡುಗಳು ಎಷ್ಟೋ ವೇಳೆ ಸಂದರ್ಭವನ್ನು ಲಕ್ಷಿಸದೆ, ಅರಸನ ಬಾಯಲ್ಲಿಯೂ ಸೇವಕನ ಬಾಯಲ್ಲಿಯೂ ಒಂದೇ ಬಗೆಯ ಸಮಾಸಭೂಯಿಷ್ಠ ಭಾಷೆಯನ್ನಿಟ್ಟವು; ಕಥೆ ನಿಂತಿತು, ಹಾರ್ಮೋನಿಯಂ ಮಾತ್ರ ಮುಂದೆ ಸಾಗಿತು. ಆರಂಭದ ವಾಕ್ಚಿತ್ರಗಳು ಕಂಪೆನಿ ನಾಟಕಗಳಿಂದ ಗುಣದೊಡನೆ ಈ ದೋಷವನ್ನೂ ಪಡೆದುವು.

ಇದೇ ಸೀಮೆಯಿಂದ ಚಿತ್ರರಂಗಕ್ಕೆ ಇನ್ನೊಂದು ದಾರಿಯೂ ತೆರೆಯಿತು. ಏಳು ತಂತಿಯ ಪಿಟೀಲಿನಿಂದ ಪ್ರಖ್ಯಾತರಾದ ತಿರುಮಕೂಡಲು ಚೌಡಯ್ಯನವರು 1943ರಲ್ಲಿ, ಹಿರಣ್ಣಯ್ಯನವರ ನಿರ್ದೇಶನದಲ್ಲಿ ‘ವಾಣಿ’ಯನ್ನು ನಿರ್ಮಿಸಿ, ಚೆಂಬೈ ವೈದ್ಯನಾಥ ಭಾಗವತರ ಗಾನವನ್ನು ತೆರೆಗೆ ತಂದರು. ಸಾಹಸ ಸ್ತುತ್ಯವೇ, ಆದರೆ ಸಭಾಗಾನವು ತೆರೆಯ ಮೇಲೆ ಗೌರವಾನ್ವಿತ ಅತಿಥಿಯಾಗಿ ಉಳಿಯಿತೇ ವಿನಾ ಚಿತ್ರಗೀತೆಯ ಮನೆಮಗುವಾಗಲಿಲ್ಲ.

ಆ ಭಾಗ್ಯ ಸೋಸಲೆಯ ಪ್ರಾರ್ಥನೆಗೆ ಲಭಿಸಿತು. 1958ರಲ್ಲಿ ಬಿ. ಆರ್. ಪಂತುಲು ಅವರು ತಾವೇ ಉಪಾಧ್ಯಾಯನ ಪಾತ್ರ ವಹಿಸಿ ನಿರ್ದೇಶಿಸಿದ ‘ಸ್ಕೂಲ್ ಮಾಸ್ಟರ್’ ಚಿತ್ರಕ್ಕೆ ಈ ಗೀತೆಯನ್ನು ಆರಿಸಿಕೊಂಡರು, ಟಿ. ಜಿ. ಲಿಂಗಪ್ಪನವರು ಸಂಗೀತ ನಿರ್ದೇಶಕರು. ಉಪಾಧ್ಯಾಯನ ಕಥೆಗೆ ಶಾಲೆಯ ಪ್ರಾರ್ಥನೆ ಹೊರಗಿನಿಂದ ತಂದ ಅಲಂಕಾರವಲ್ಲವಷ್ಟೆ! ಪೂರ್ವದ ನಾಟಕದ ಹಾಡುಗಳಿಗೆ ಎಷ್ಟೋ ಬಾರಿ ಕೊರತೆಯಾಗಿದ್ದ ಸಂದರ್ಭೌಚಿತ್ಯ ಇಲ್ಲಿ ಪೂರ್ಣವಾಗಿ ಸಿದ್ಧಿಸಿತು. ಆಸ್ಥಾನಪರಂಪರೆಯಿಂದ ಚಿತ್ರರಂಗಕ್ಕೆ ಬಂದ ಗೀತೆಗಳಲ್ಲಿ ಇದಕ್ಕೆ ಅಗ್ರಸ್ಥಾನವನ್ನು ಕೊಡಲು ನಾನು ಹಿಂಜರಿಯೆನು.

ಇದನ್ನು ಕೇಳಲು ಶಾಸ್ತ್ರಿಗಳಿರಲಿಲ್ಲ. ಕನ್ನಡದ ತೆರೆ ಮಾತಾಡಿದ 1934ರಲ್ಲಿಯೇ ಅವರು ಕಾಲವಾಗಿದ್ದರು. ಚಿತ್ರದ ಖ್ಯಾತಿಯ ನೆರಳಿನಲ್ಲಿ ಅವರ ಹೆಸರು ಮಾಸಿ, ಎಷ್ಟೋ ಜನ ಇದನ್ನು ಸಿನಿಮಾಕ್ಕಾಗಿಯೇ ರಚಿತವಾದ ಹಾಡೆಂದು ತಿಳಿದಿದ್ದಾರೆ. ಮಕ್ಕಳಿಂದ ಇದನ್ನು ಹಾಡಿಸುವ ಉಪಾಧ್ಯಾಯರು, ನರಸೀಪುರ ನಂಜನಗೂಡುಗಳವರಾದರೂ, ಸೋಸಲೆ ಅಯ್ಯಾಶಾಸ್ತ್ರಿಗಳ ಹೆಸರನ್ನು ಹಾಡಿನೊಡನೆ ಹೇಳಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.