ಕ್ಯಾನ್ಸರ್ ಮತ್ತು ವಿಟಮಿನ್ ಸಿ: ಒಂದು ವಾದದ ಮರುಪರಿಶೀಲನೆ

ಲೈನಸ್ ಪೌಲಿಂಗ್ (1901–1994) ಅವರ ಹೆಸರು ಪಿಯುಸಿ ರಸಾಯನ ವಿಜ್ಞಾನ ಓದಿದ ಎಲ್ಲರಿಗೂ ಪರಿಚಿತ. ವಿದ್ಯುದೃಣತೆಯ ಮಾನಕ ಅವರದು. ಕಕ್ಷಕಗಳ ಸಂಕರಣದ ಕಲ್ಪನೆ ಅವರದು. ಪ್ರೋಟೀನುಗಳಲ್ಲಿ ಆಲ್ಫಾ ಸುರುಳಿಯ ರಚನೆಯನ್ನು 1951ರಲ್ಲಿ ತೋರಿಸಿಕೊಟ್ಟವರಲ್ಲಿ ಅವರೇ ಪ್ರಮುಖರು. 1954ರಲ್ಲಿ ರಸಾಯನ ವಿಜ್ಞಾನದ ನೊಬೆಲ್, ಅನಂತರ 1962ರ ಸಾಲಿನ ಶಾಂತಿ ನೊಬೆಲ್, ಹೀಗೆ ಎರಡು ಬಹುಮಾನಗಳನ್ನು ಯಾರೊಡನೆಯೂ ಹಂಚಿಕೊಳ್ಳದೆ ಪಡೆದ ಏಕೈಕ ವ್ಯಕ್ತಿ ಅವರು. ಇಂಥ ವಿಜ್ಞಾನಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಇವಾನ್ ಕ್ಯಾಮರಾನ್ ಅವರೊಡನೆ ಸೇರಿ 1979ರಲ್ಲಿ 'ಕ್ಯಾನ್ಸರ್ ಅಂಡ್ ವಿಟಮಿನ್ ಸಿ' ಎಂಬ ಪುಸ್ತಕ ಪ್ರಕಟಿಸಿದರು. ವಿಟಮಿನ್ ಸಿ ಯನ್ನು ದಿನಕ್ಕೆ 10 ಗ್ರಾಂನಷ್ಟು ಕೊಟ್ಟರೆ ಕ್ಯಾನ್ಸರ್ ರೋಗಿಗಳು ಹೆಚ್ಚು ಕಾಲ, ಹೆಚ್ಚು ನೆಮ್ಮದಿಯಿಂದ ಬದುಕುತ್ತಾರೆ ಎಂಬುದು ಅವರ ಪ್ರತಿಪಾದನೆ. ದಿನಕ್ಕೆ ನಮಗೆ ಬೇಕಾಗುವ ವಿಟಮಿನ್ ಸಿ 0.1 ಗ್ರಾಂಗಿಂತ ಹೆಚ್ಚೇನೂ ಅಲ್ಲ ಎಂಬುದನ್ನು ನೆನೆದರೆ ಈ ಪ್ರಮಾಣ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಈ ವಾದ ಇಂದಿಗೂ ಪೂರ್ತಿ ಮರೆಯಾಗಿಲ್ಲ. ಆದ್ದರಿಂದ ಅದನ್ನು ಮತ್ತೊಮ್ಮೆ ಪರಿಶೀಲಿಸುವುದು ಉಚಿತ. ಪೌಲಿಂಗ್ ಅವರನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಒಂದು ಚಿಕಿತ್ಸೆ ಫಲಕಾರಿಯೇ ಅಲ್ಲವೇ ಎಂಬುದನ್ನು ತಿಳಿಯುವ ಬಗೆ ಯಾವುದು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಕಾರಣದ ಬಗ್ಗೆ ಒಂದು ಊಹೆ

ನಮ್ಮ ದೇಹದ ಜೀವಕೋಶಗಳ ನಡುವೆ ಅಂಟಿನಂಥ ಒಂದು ಪದಾರ್ಥವಿದೆ. ಗಂತಿಯ ಕೋಶಗಳು ಹಯಾಲುರೊನಿಡೇಸ್ ಎಂಬ ಕಿಣ್ವವನ್ನು ಸ್ರವಿಸಿ ಈ ಅಂಟನ್ನು ಕರಗಿಸುತ್ತವೆ, ಹಾಗಾಗಿಯೇ ಅವು ನೆರೆಯ ಅಂಗಾಂಶಗಳಿಗೆ ನುಗ್ಗುತ್ತವೆ ಎಂದು ಕ್ಯಾಮರಾನ್ 1966ರಲ್ಲಿಯೇ ಸೂಚಿಸಿದ್ದರು. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿಯಲ್ಲಿಯೂ ಅಂಗಾಂಶಗಳು ಸಡಿಲಗೊಳ್ಳುತ್ತವೆ, ಮಾಗಿದ ಗಾಯಗಳು ಮತ್ತೆ ಬಿಚ್ಚಿಕೊಳ್ಳುತ್ತವೆ. ಅಂಗಾಂಶಗಳಿಗೆ ಗಟ್ಟಿತನ ಕೊಡುವ ಕೊಲಾಜೆನ್ ಸರಿಯಾಗಿ ರೂಪುಗೊಳ್ಳಲು ವಿಟಮಿನ್ ಸಿ ಬೇಕೇಬೇಕು. ಹಾಗಾದರೆ ವಿಟಮಿನ್ ಸಿ ಹೆಚ್ಚು ಕೊಟ್ಟು ಅಂಗಾಂಶವನ್ನು ಬಲಪಡಿಸಿದರೆ ಗಂತಿಯ ಹರಡುವಿಕೆ ತಡೆಯಬಹುದಲ್ಲವೇ?

ತರ್ಕ ಸೊಗಸಾಗಿದೆ. ಆದರೆ ಇದು ಕ್ಯಾನ್ಸರ್ ಏಕೆ ಹರಡುತ್ತದೆ ಎಂಬುದರ ಬಗೆಗಿನ ಊಹೆಯೇ ಹೊರತು ಅದು ಏಕೆ ಹುಟ್ಟುತ್ತದೆ ಎಂಬುದಕ್ಕೆ ಉತ್ತರವಲ್ಲ. ಕ್ಯಾಮರಾನ್ ಮತ್ತು ಪೌಲಿಂಗ್ ತಮ್ಮ ಮುಖ್ಯ ಫಲಿತಾಂಶವನ್ನು ಪ್ರಕಟಿಸಿದ 1976ರಲ್ಲಿಯೇ ಬಿಷಪ್, ವಾರ್ಮಸ್ ಮತ್ತು ಸಂಗಡಿಗರು ಇನ್ನೊಂದು ದಾರಿಯಲ್ಲಿ ಮುನ್ನಡೆದಿದ್ದರು. ಕೋಳಿಗಳಲ್ಲಿ ಗಂತಿ ತರುವ ವೈರಸ್ಸಿನ ಜೀನ್ ಮೂಲತಃ ಕೋಳಿಯ ಆರೋಗ್ಯವಂತ ಕೋಶದ್ದೇ ಎಂದು ಅವರು ತೋರಿಸಿದರು. ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ನಮ್ಮದೇ ಜೀನುಗಳು ಕೆಟ್ಟಾಗ ಕ್ಯಾನ್ಸರ್ ಹುಟ್ಟುತ್ತದೆ ಎಂಬ ತಿಳಿವಳಿಕೆ ಇದರಿಂದ ಗಟ್ಟಿಯಾಯಿತು. ತಂಬಾಕಿನ ಹೊಗೆ, ಅಯಾನೀಕರಿಸುವ ವಿಕಿರಣ, ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾದ ಪ್ಯಾಪಿಲೋಮಾ ವೈರಸ್, ಇವೆಲ್ಲ ಬೇರೆ ಬೇರೆ ಬಗೆಯಲ್ಲಿ ಕೋಶದ ಈ ನಿಯಂತ್ರಣವನ್ನೇ ಕೆಡಿಸುತ್ತವೆ.

ಊಹೆ ಅಪೂರ್ಣವಾಗಿದ್ದ ಮಾತ್ರಕ್ಕೆ ಚಿಕಿತ್ಸೆ ನಿಷ್ಫಲವಾಗಬೇಕೆಂದಿಲ್ಲ ಎಂಬುದೂ ನಿಜ. ಊಹೆ ಸೊಗಸಾಗಿದ್ದ ಮಾತ್ರಕ್ಕೆ ಅದು ಫಲಿಸಬೇಕೆಂದೂ ಇಲ್ಲ. ಎರಡನ್ನೂ ನಿರ್ಣಯಿಸುವುದು ಪ್ರಯೋಗ.

210 ದಿನ ಮತ್ತು 50 ದಿನ

ಕ್ಯಾಮರಾನ್ ಅವರ ವೇಲ್ ಆಫ್ ಲೀವನ್ ಆಸ್ಪತ್ರೆಯಲ್ಲಿ, ಇನ್ನು ಬೇರೆ ಚಿಕಿತ್ಸೆ ಇಲ್ಲವೆಂದು ಕೈಬಿಟ್ಟ 100 ರೋಗಿಗಳಿಗೆ ವಿಟಮಿನ್ ಸಿ ಕೊಡಲಾಯಿತು. ಹೋಲಿಕೆಗಾಗಿ ಅದೇ ಆಸ್ಪತ್ರೆಯ ಹಳೆಯ ಕಡತಗಳಿಂದ, ಪ್ರತಿಯೊಬ್ಬ ರೋಗಿಗೂ ವಯಸ್ಸು, ಲಿಂಗ, ಕ್ಯಾನ್ಸರಿನ ಬಗೆ ಹೊಂದುವಂತೆ ಹತ್ತು ಹತ್ತು ಜನರಂತೆ 1000 ರೋಗಿಗಳನ್ನು ಆರಿಸಲಾಯಿತು. 'ಚಿಕಿತ್ಸೆ ಅಸಾಧ್ಯ' ಎಂದು ತೀರ್ಮಾನಿಸಿದ ದಿನದಿಂದ ಲೆಕ್ಕ ಹಾಕಿದಾಗ ವಿಟಮಿನ್ ಪಡೆದವರು ಸರಾಸರಿ 210 ದಿನ ಬದುಕಿದ್ದರು, ಉಳಿದವರು 50 ದಿನ. ಅಂದರೆ 4.2 ಪಟ್ಟು! ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಸಹಜವಾಗಿಯೇ ಸಂಚಲನ ಉಂಟಾಯಿತು.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕು. 1000 ಎಂಬ ಸಂಖ್ಯೆ ನಂಬಿಕೆ ಹುಟ್ಟಿಸುತ್ತದೆ. ಆದರೆ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲಿಯೇ ಹೇಳುವ ಒಂದು ಮಾತಿದೆ. ಸ್ಕ್ರೂ ಗೇಜಿನಲ್ಲಿ 0.05 ಮಿಲಿಮೀಟರ್ ಶೂನ್ಯ ದೋಷವಿದ್ದರೆ, ತಂತಿಯ ವ್ಯಾಸವನ್ನು ಸಾವಿರ ಸಲ ಅಳೆದು ಸರಾಸರಿ ತೆಗೆದರೂ ಆ 0.05 ಹಾಗೆಯೇ ಉಳಿಯುತ್ತದೆ. ಹೆಚ್ಚು ಸಲ ಅಳೆಯುವುದರಿಂದ ಕಡಿಮೆಯಾಗುವುದು ಆಕಸ್ಮಿಕ ದೋಷ ಮಾತ್ರ. ಅಳತೆಯನ್ನು ಒಂದೇ ದಿಕ್ಕಿಗೆ ತಳ್ಳುವ ದೋಷ ಸರಾಸರಿಗೆ ಸಿಕ್ಕುವುದಿಲ್ಲ.

ಸ್ಕಾಟ್ಲೆಂಡಿನ ಅಳತೆಯಲ್ಲಿ 'ಶೂನ್ಯ' ಯಾವುದು? ಚಿಕಿತ್ಸೆ ಅಸಾಧ್ಯವೆಂದು ವೈದ್ಯರು ತೀರ್ಮಾನಿಸಿದ ದಿನ. ಆ ದಿನವನ್ನು ಎಲ್ಲ ರೋಗಿಗಳಿಗೂ ಒಬ್ಬರೇ ನಿರ್ಧರಿಸಲಿಲ್ಲ. ವಿಟಮಿನ್ ಪಡೆದವರ ಬಗ್ಗೆ ಕ್ಯಾಮರಾನ್ ನಿರ್ಧರಿಸಿದರು, ಉಳಿದವರ ಬಗ್ಗೆ ಬೇರೆ ವೈದ್ಯರು. ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಒಂದೇ ಬಗೆಯ, ಒಂದೇ ಹಂತದ ಕ್ಯಾನ್ಸರ್ ಇರುವ ಇಬ್ಬರು ರೋಗಿಗಳು ಆಸ್ಪತ್ರೆಗೆ ಸೇರಿದ 200ನೆಯ ದಿನ ತೀರಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಮೊದಲನೆಯವರ ವೈದ್ಯರು 20ನೆಯ ದಿನವೇ 'ಇನ್ನು ಸಾಧ್ಯವಿಲ್ಲ' ಎಂದು ಬರೆಯುತ್ತಾರೆ. ಎರಡನೆಯವರ ವೈದ್ಯರು 150ನೆಯ ದಿನದವರೆಗೆ ಪ್ರಯತ್ನಿಸಿ ಅನಂತರ ಹಾಗೆ ಬರೆಯುತ್ತಾರೆ. ಲೆಕ್ಕದಲ್ಲಿ ಮೊದಲನೆಯವರು ಬದುಕಿದ್ದು 180 ದಿನ, ಎರಡನೆಯವರು 50 ದಿನ. ಯಾವ ಔಷಧವೂ ಇಲ್ಲದೆ 3.6 ಪಟ್ಟು ವ್ಯತ್ಯಾಸ ಬಂದುಬಿಟ್ಟಿತು!

ಇದು ಬರೀ ಶಂಕೆಯಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವೈದ್ಯರೊಬ್ಬರು 1982ರಲ್ಲಿ ಈ ಅಂಕಿ ಅಂಶಗಳನ್ನು ಪರಿಶೀಲಿಸಿದರು. ಎರಡು ಗುಂಪುಗಳೂ ಸಮಾನವಾಗಿದ್ದರೆ ಆಸ್ಪತ್ರೆಗೆ ಸೇರಿದ ದಿನದಿಂದ 'ಅಸಾಧ್ಯ' ಎಂಬ ತೀರ್ಮಾನದವರೆಗಿನ ಅವಧಿಯೂ ಸಮಾನವಾಗಿರಬೇಕು. ಆದರೆ ಕ್ಯಾಮರಾನ್ ಅವರ ರೋಗಿಗಳಲ್ಲಿ ಈ ತೀರ್ಮಾನ ಬಹಳ ಬೇಗ ಆಗಿತ್ತು. ಅಲ್ಲದೆ ಹೋಲಿಕೆಯ ಗುಂಪಿನಲ್ಲಿ ಐದರಲ್ಲಿ ಒಬ್ಬರಷ್ಟು ರೋಗಿಗಳು ತೀರ್ಮಾನವಾದ ಕೆಲವೇ ದಿನಗಳಲ್ಲಿ ಮರಣ ಹೊಂದಿದ್ದರು, ವಿಟಮಿನ್ ಗುಂಪಿನಲ್ಲಿ ಹಾಗೆ ಒಬ್ಬರೂ ಇರಲಿಲ್ಲ. ಅಂದರೆ ಎರಡು ಗುಂಪುಗಳ ಗಡಿಯಾರಗಳು ಒಂದೇ ಕ್ಷಣದಿಂದ ಆರಂಭವಾಗಿರಲಿಲ್ಲ.

ಸರಿಯಾದ ಪರೀಕ್ಷೆ

ಈ ದೋಷವನ್ನು ನಿವಾರಿಸುವ ಉಪಾಯ ಸರಳ. ರೋಗಿಗಳನ್ನು ಮೊದಲೇ ಯಾದೃಚ್ಛಿಕವಾಗಿ, ನಾಣ್ಯ ಚಿಮ್ಮಿದಂತೆ, ಎರಡು ಗುಂಪು ಮಾಡಬೇಕು. ಒಂದಕ್ಕೆ ಔಷಧ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಮದ್ದು. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿದಿರಬಾರದು. ಆಗ ಗೊತ್ತಿರುವ ವ್ಯತ್ಯಾಸಗಳಷ್ಟೇ ಅಲ್ಲ, ಗೊತ್ತಿಲ್ಲದ ವ್ಯತ್ಯಾಸಗಳೂ ಎರಡು ಕಡೆ ಹಂಚಿಹೋಗುತ್ತವೆ.

ವಿಟಮಿನ್ ಸಿ ಯ ಇತಿಹಾಸವೇ ಹೋಲಿಕೆಯ ಪರೀಕ್ಷೆಯಿಂದ ಆರಂಭವಾಗುತ್ತದೆ ಎಂಬುದು ಸ್ವಾರಸ್ಯಕರ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯ ಸ್ಕರ್ವಿ ತಗಲಿದ 12 ನಾವಿಕರನ್ನು ಆರು ಜೋಡಿ ಮಾಡಿ, ಒಂದೇ ಊಟ, ಒಂದೇ ಜಾಗ ಕೊಟ್ಟು, ಜೋಡಿಗೊಂದರಂತೆ ಬೇರೆ ಬೇರೆ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಒಂದು ವಾರದೊಳಗೆ ಚೇತರಿಸಿಕೊಂಡರು. ಹನ್ನೆರಡೇ ಜನರಿದ್ದರೂ ಅಲ್ಲಿ ಎಲ್ಲರ ಗಡಿಯಾರ ಒಂದೇ ದಿನ ಆರಂಭವಾಗಿತ್ತು.

ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಚಾರ್ಲ್ಸ್ ಮೋರ್ಟೆಲ್ ಮತ್ತು ಸಂಗಡಿಗರು ಇಂಥ ಪರೀಕ್ಷೆ ನಡೆಸಿದರು. 1979ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ 60 ರೋಗಿಗಳಿಗೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ, 63 ರೋಗಿಗಳಿಗೆ ಹುಸಿಮದ್ದು. ಎರಡು ಗುಂಪುಗಳ ಉಳಿವಿನ ರೇಖೆಗಳೂ ಒಂದರ ಮೇಲೊಂದು ಬಿದ್ದವು. ಮಧ್ಯಾಂಕ ಸುಮಾರು ಏಳು ವಾರ. ಇವರಲ್ಲಿ ಹೆಚ್ಚಿನವರು ಮೊದಲೇ ಕೀಮೋಥೆರಪಿ ಪಡೆದಿದ್ದರಿಂದ ಅವರ ರೋಗನಿರೋಧಕ ಶಕ್ತಿ ಕುಂದಿತ್ತು ಎಂದು ಪೌಲಿಂಗ್ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಮೋರ್ಟೆಲ್ ಮತ್ತೊಂದು ಪ್ರಯೋಗ ನಡೆಸಿದರು. ದೊಡ್ಡ ಕರುಳಿನ ಕ್ಯಾನ್ಸರ್ ಮುಂದುವರಿದಿದ್ದ, ಕೀಮೋಥೆರಪಿ ಪಡೆಯದ 100 ರೋಗಿಗಳಿದ್ದ ಈ ಪ್ರಯೋಗದ ಫಲಿತಾಂಶ 1985ರಲ್ಲಿ ಹೊರಬಂದಿತು. ಈ ಸಲವೂ ವ್ಯತ್ಯಾಸವಿರಲಿಲ್ಲ. ರೋಗ ಉಲ್ಬಣಿಸಿದೊಡನೆ ವಿಟಮಿನ್ ನಿಲ್ಲಿಸಿದ್ದು ತಪ್ಪು ಎಂದು ಪೌಲಿಂಗ್ ಮತ್ತೆ ಆಕ್ಷೇಪಿಸಿದರು. ಇದರಲ್ಲಿಯೂ ಸ್ವಲ್ಪ ಹುರುಳಿದೆ. ಆದರೆ ನಾಲ್ಕು ಪಟ್ಟು ಪರಿಣಾಮವುಳ್ಳ ಔಷಧ ಎರಡು ಪರೀಕ್ಷೆಗಳಲ್ಲಿಯೂ ಸುಳಿವೇ ಕೊಡದೆ ಅಡಗಿತ್ತು ಎಂದು ಒಪ್ಪುವುದು ಕಷ್ಟ.

ಪೌಲಿಂಗ್ ಅವರ ಪತ್ನಿ 1981ರಲ್ಲಿ ಜಠರದ ಕ್ಯಾನ್ಸರಿನಿಂದ, ಸ್ವತಃ ಪೌಲಿಂಗ್ 1994ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡರು. ಇದನ್ನೇ ಅವರ ವಾದಕ್ಕೆ ಉತ್ತರವೆಂದು ಕೆಲವರು ಹೇಳುವುದುಂಟು. ಅದು ಸಲ್ಲದು. ಒಬ್ಬಿಬ್ಬರು ಗುಣವಾದದ್ದು ಹೇಗೆ ಸಾಕ್ಷ್ಯವಲ್ಲವೋ ಹಾಗೆಯೇ ಒಬ್ಬಿಬ್ಬರು ತೀರಿಕೊಂಡದ್ದೂ ಸಾಕ್ಷ್ಯವಲ್ಲ.

ಇಬ್ಬರೂ ಅಳೆಯದೆ ಬಿಟ್ಟದ್ದು

ಈ ವಿವಾದದಲ್ಲಿ ಎರಡೂ ಕಡೆಯವರು ಕೊಟ್ಟ ಪ್ರಮಾಣವನ್ನು ಲೆಕ್ಕವಿಟ್ಟರು. ರಕ್ತದಲ್ಲಿ ಅದರ ಸಾರತೆ ಎಷ್ಟಾಯಿತೆಂಬುದು ಚರ್ಚೆಯ ಕೇಂದ್ರಕ್ಕೆ ಬರಲೇ ಇಲ್ಲ. ಕ್ಯಾಮರಾನ್ ಆರಂಭದ ಸುಮಾರು ಹತ್ತು ದಿನ ರಕ್ತನಾಳದ ಮೂಲಕ, ಅನಂತರ ಬಾಯಿಯ ಮೂಲಕ ಕೊಟ್ಟಿದ್ದರು. ಮೇಯೋದಲ್ಲಿ ಬಾಯಿಯ ಮೂಲಕ ಮಾತ್ರ. ಕರುಳು ಹೀರಿಕೊಳ್ಳುವ ಮತ್ತು ಮೂತ್ರಪಿಂಡ ಹೊರಹಾಕುವ ಕ್ರಿಯೆಗಳಿಂದಾಗಿ, ಎಷ್ಟು ನುಂಗಿದರೂ ಪ್ಲಾಸ್ಮಾದಲ್ಲಿ ಸಾರತೆ ಲೀಟರಿಗೆ ಸುಮಾರು 0.2 ಮಿಲಿಮೋಲ್ ದಾಟುವುದಿಲ್ಲವೆಂದು ಮಾರ್ಕ್ ಲೆವಿನ್ ಅವರ ತಂಡ 2004ರಲ್ಲಿ ತೋರಿಸಿತು. ರಕ್ತನಾಳಕ್ಕೆ ನೇರವಾಗಿ ಕೊಟ್ಟರೆ ಇದರ ಹತ್ತಾರು ಪಟ್ಟು ಏರುತ್ತದೆ. ಅಷ್ಟು ಸಾರತೆಯಲ್ಲಿ ವಿಟಮಿನ್ ಸಿ ಹೈಡ್ರೊಜನ್ ಪೆರಾಕ್ಸೈಡ್ ಉಂಟುಮಾಡಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲದೆಂದು 2005ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ಗಮನಿಸಿ, ಅಂಗಾಂಶವನ್ನು ಬಲಪಡಿಸುವ ಹಳೆಯ ಊಹೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಅದು ಔಷಧವಾಗಿ, ಒಂದು ಬಗೆಯ ವಿಷವಾಗಿ ವರ್ತಿಸುತ್ತದೆ.

ಇದರ ಬೆನ್ನಲ್ಲೇ ಹೊಸ ಪರೀಕ್ಷೆಗಳು ನಡೆದಿವೆ. ಚೀನಾದಲ್ಲಿ ದೊಡ್ಡ ಕರುಳಿನ ಹರಡಿದ ಕ್ಯಾನ್ಸರ್ ಇದ್ದ 442 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ (2022) ಕೀಮೋಥೆರಪಿಯ ಜೊತೆ ವಿಟಮಿನ್ ಸಿ ಸೇರಿಸಿದ್ದರಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಅಮೆರಿಕದ ಅಯೋವಾದಲ್ಲಿ ಮೇದೋಜೀರಕ ಗ್ರಂಥಿಯ ಮುಂದುವರಿದ ಕ್ಯಾನ್ಸರ್ ಇದ್ದ 34 ರೋಗಿಗಳ ಪ್ರಯೋಗದಲ್ಲಿ (2024) ಉಳಿವಿನ ಮಧ್ಯಾಂಕ 8.3 ತಿಂಗಳಿನಿಂದ 16 ತಿಂಗಳಿಗೆ ಏರಿತು. ಎರಡೂ ಯಾದೃಚ್ಛಿಕ ಪ್ರಯೋಗಗಳೇ. ಕ್ಯಾನ್ಸರುಗಳು ಬೇರೆಯಾದ್ದರಿಂದ ಇವು ಪರಸ್ಪರ ವಿರುದ್ಧವೆಂದು ಹೇಳಲಾಗದು. ಆದರೆ ಎರಡನೆಯದರಲ್ಲಿ ಈಗ ಆಕಸ್ಮಿಕ ದೋಷದ ಪ್ರಶ್ನೆ ಬರುತ್ತದೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ಅಥವಾ ಹೆಚ್ಚು ಸಲ ತಲೆ ಬೀಳುವ ಸಂಭವ ಶೇಕಡಾ 17. ಸಾವಿರ ಸಲ ಚಿಮ್ಮಿದಾಗ 700 ತಲೆ ಬೀಳುವುದು ಅಸಂಭವವೇ ಸರಿ. 34 ಜನರ ಫಲಿತಾಂಶ ಭರವಸೆ ತರುವಂಥದ್ದು, ದೊಡ್ಡ ಪ್ರಯೋಗಕ್ಕೆ ಯೋಗ್ಯವಾದದ್ದು. ಅಷ್ಟರಿಂದಲೇ ಚಿಕಿತ್ಸೆಯೆಂದು ಸಾರುವಂಥದ್ದಲ್ಲ.

ಅಳತೆಗೋಲು ಎಲ್ಲರಿಗೂ ಒಂದೇ

ಆಧುನಿಕ ವೈದ್ಯರು ಹೊರಗಿನವರ ಔಷಧಗಳನ್ನು ಮಾತ್ರ ಹೀಗೆ ಪರೀಕ್ಷಿಸುತ್ತಾರೆ ಎಂಬ ದೂರು ಕೇಳಿಬರುತ್ತದೆ. ವಾಸ್ತವ ಹಾಗಿಲ್ಲ. ಸ್ತನ ಕ್ಯಾನ್ಸರಿಗೆ ಎದೆಯ ಸ್ನಾಯುಗಳನ್ನೂ ಸೇರಿಸಿ ಕತ್ತರಿಸುವ ಶಸ್ತ್ರಕ್ರಿಯೆ ದಶಕಗಳ ಕಾಲ ಪ್ರಶ್ನಾತೀತವಾಗಿತ್ತು. ಬರ್ನಾರ್ಡ್ ಫಿಷರ್ ನೇತೃತ್ವದಲ್ಲಿ 1971ರಲ್ಲಿ ಆರಂಭವಾದ ಯಾದೃಚ್ಛಿಕ ಪ್ರಯೋಗ, ಕಡಿಮೆ ಕತ್ತರಿಸಿದರೂ ಉಳಿವು ಅಷ್ಟೇ ಎಂದು ತೋರಿಸಿ ಅದನ್ನು ಮೂಲೆಗೆ ಸರಿಸಿತು. ಅದೇ ಕ್ಯಾನ್ಸರಿಗೆ ಅಸ್ಥಿಮಜ್ಜೆಯ ಕಸಿಯೊಡನೆ ಭಾರಿ ಪ್ರಮಾಣದ ಕೀಮೋಥೆರಪಿಯನ್ನು 1990ರ ದಶಕದಲ್ಲಿ ಸಾವಿರಾರು ಮಹಿಳೆಯರಿಗೆ ಕೊಡಲಾಗಿತ್ತು. 1999ರಲ್ಲಿ ಹೊರಬಂದ ಪ್ರಯೋಗಗಳು ಅದರ ನಿರೀಕ್ಷೆಯನ್ನೂ ಹುಸಿಗೊಳಿಸಿದವು. ಇನ್ನೊಂದು ಕಡೆ, 1960ರ ಸುಮಾರಿಗೆ ಬಹುತೇಕ ಮಾರಕವಾಗಿದ್ದ ಮಕ್ಕಳ ತೀವ್ರ ರಕ್ತ ಕ್ಯಾನ್ಸರ್, ಪ್ರಯೋಗದ ಮೇಲೆ ಪ್ರಯೋಗ ನಡೆಸಿ ಔಷಧಗಳ ಜೋಡಣೆಯನ್ನು ತಿದ್ದುತ್ತ ಬಂದದ್ದರಿಂದ, ಈಗ ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ಗುಣವಾಗುತ್ತಿದೆ.

ಈ ಚರ್ಚೆ ಪಂಡಿತರ ನಡುವಿನದಷ್ಟೇ ಅಲ್ಲ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ದೂರಕ್ಕೆ ಹರಡದ ಕ್ಯಾನ್ಸರ್ ಇದ್ದು ಬದಲಿ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ರೋಗಿಗಳನ್ನು ಸಾಮಾನ್ಯ ಚಿಕಿತ್ಸೆ ಪಡೆದವರೊಡನೆ ಹೋಲಿಸಿತು. ಸಾವಿನ ಅಪಾಯ ಸುಮಾರು ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ಇದೂ ಕಡತಗಳನ್ನು ಆಧರಿಸಿದ ಹೋಲಿಕೆಯೇ, ಆದ್ದರಿಂದ ಮೇಲಿನ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ. ಆದರೆ ಶಸ್ತ್ರಕ್ರಿಯೆಯಿಂದ ತೆಗೆಯಬಹುದಾದ ಗಂತಿಯನ್ನು ಬೆಳೆಯಲು ಬಿಟ್ಟರೆ ಏನಾಗುತ್ತದೆಂಬುದು ಬೇರೆ ದಾರಿಗಳಿಂದಲೂ ನಮಗೆ ತಿಳಿದಿದೆ.

ನಮ್ಮಲ್ಲಿ ಲಕ್ಷ್ಮಣ ಫಲ ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಪ್ರಬಲ ಎಂಬ ಸಂದೇಶ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಅದರ ಮೂಲ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಪ್ರಯೋಗ. ಅಧ್ಯಾಪಕರು ಇಂಥ ಒಂದು ಸಂದೇಶವನ್ನು ತರಗತಿಗೆ ತಂದು ಮೂರು ಪ್ರಶ್ನೆ ಕೇಳಿಸಬಹುದು. ಯಾರೊಡನೆ ಹೋಲಿಸಿದರು? ಎರಡು ಗುಂಪುಗಳ ಗಡಿಯಾರಗಳೂ ಒಂದೇ ಕ್ಷಣದಿಂದ ಓಡತೊಡಗಿದವೇ? ಎಷ್ಟು ಜನರಿದ್ದರು? ಹೇಳಿದವರು ಯಾರು ಎಂಬ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ಎರಡು ನೊಬೆಲ್ ಪಡೆದವರ ಮಾತಿಗೂ ಈ ಮೂರು ಪ್ರಶ್ನೆಗಳಿಂದ ವಿನಾಯಿತಿ ಇರಲಿಲ್ಲ.