‘ಕಂಬ’ ಶಬ್ದದ ನಿಷ್ಪತ್ತಿ

ಬೀದರದ ಕೋಟೆಯೊಳಗೆ ಕ್ರಿ.ಶ. 1423–24ರಲ್ಲಿ ನಿರ್ಮಿತವಾದ ಮಸೀದಿಯನ್ನು ಜನರು ‘ಸೋಲಹ ಖಂಬ’ ಎಂದು ಕರೆಯುತ್ತಾರೆ. ಪ್ರಾರ್ಥನಾಮಂದಿರದ ಮಧ್ಯಭಾಗದಲ್ಲಿ ಸಾಲಾಗಿ ನಿಂತಿರುವ 16 ಕಂಬಗಳೇ ಈ ಹೆಸರಿಗೆ ಕಾರಣ. ಇದರಲ್ಲಿನ ‘ಖಂಬ’ ಶಬ್ದವೂ ಕನ್ನಡದ ‘ಕಂಬ’ ಶಬ್ದವೂ ಒಂದೇ ಮೂಲದವೆಂಬುದು ಸ್ಪಷ್ಟವಾಗಿಯೇ ಇದೆ. ಆ ಮೂಲವು ಯಾವುದೆಂಬುದೇ ಇಲ್ಲಿನ ವಿಚಾರ.

ಶಾಲಾವ್ಯಾಕರಣಗಳಲ್ಲಿ ‘ಸ್ತಂಭ’ವು ತತ್ಸಮ, ‘ಕಂಬ’ವು ಅದರ ತದ್ಭವ ಎಂದು ಹೇಳುವುದು ರೂಢಿ. ಈ ಮತಕ್ಕೆ ಪ್ರಾಚೀನರ ಬೆಂಬಲವಿಲ್ಲದಿಲ್ಲ. ಸ್ತಂಭ ಶಬ್ದದಲ್ಲಿ ‘ಸ್ತ’ಕ್ಕೆ ‘ಖ’ಕಾರವು ಬರುವುದೆಂದು ವರರುಚಿಯೂ ಹೇಮಚಂದ್ರನೂ ಸೂತ್ರಿಸಿದ್ದಾರೆ. ಆದರೆ ಒಂದೇ ಶಬ್ದಕ್ಕಾಗಿ ಪ್ರತ್ಯೇಕ ವಿಧಿಯನ್ನು ಮಾಡಬೇಕಾದುದೇ ಈ ವಿಕಾರವು ಸಾಮಾನ್ಯವಲ್ಲವೆಂಬುದಕ್ಕೆ ಸಾಕ್ಷಿ. ಪ್ರಾಕೃತದಲ್ಲಿ ‘ಸ್ತ’ವು ‘ಥ’ವಾಗುವುದೇ ಕ್ರಮ: ಸ್ತನವು ಥಣವಾಗುತ್ತದೆ, ಹಸ್ತವು ಹತ್ಥವಾಗುತ್ತದೆ. ‘ಖ’ಕಾರವು ಹುಟ್ಟುವುದು ‘ಸ್ಕ’ದಿಂದ: ಸ್ಕಂಧವು ಖಂಧವಾಗುತ್ತದೆ. ಆದುದರಿಂದ ‘ಖಂಭ’ದ ಮೂಲವು ವೈದಿಕವಾದ ‘ಸ್ಕಂಭ’ವೇ ಹೊರತು ‘ಸ್ತಂಭ’ವಲ್ಲ. 1900ರಲ್ಲಿ ಪ್ರಕಟವಾದ ತನ್ನ ಪ್ರಾಕೃತ ವ್ಯಾಕರಣದಲ್ಲಿ ಪಿಶೆಲ್ ಪಂಡಿತನು ಪ್ರತಿಪಾದಿಸಿದ ಪಕ್ಷವೂ ಇದೇ.

ಈ ನಿರ್ಣಯಕ್ಕೆ ಭಾಲ್ಕಿ, ಔರಾದ ಪ್ರಾಂತದ ಆಡುಮಾತೇ ಪ್ರಮಾಣವನ್ನು ಒದಗಿಸುತ್ತದೆ. ಅಲ್ಲಿ ಕನ್ನಡದ ಜೊತೆಗೆ ಮರಾಠಿಯೂ ಬಳಕೆಯಲ್ಲಿದೆ. ಮರಾಠಿಯಲ್ಲಿ ‘ಖಾಂಬ’ ಎಂದರೆ ಕಂಬ. ‘ಥಾಂಬ’ ಎಂದರೆ ನಿಲ್ಲು. ಮೊದಲನೆಯದು ಆತುಹಿಡಿಯುವ ಅರ್ಥದ ‘ಸ್ಕಂಭ್’ ಧಾತುವಿಗೂ ಎರಡನೆಯದು ನಿಶ್ಚಲವಾಗಿಸುವ ಅರ್ಥದ ‘ಸ್ತಂಭ್’ ಧಾತುವಿಗೂ ಸೇರಿದುದು. ಎರಡು ಮೂಲಗಳೂ ಎರಡು ದಾರಿ ಹಿಡಿದು ಒಂದೇ ಭಾಷೆಯಲ್ಲಿ ಉಳಿದಿರುವಾಗ ಒಂದರ ಸಂತಾನವನ್ನು ಮತ್ತೊಂದಕ್ಕೆ ಆರೋಪಿಸುವುದು ಯುಕ್ತವಲ್ಲ. ‘ಖಂಭ’ವು ಕನ್ನಡಕ್ಕೆ ಬಂದು, ಕಥೆಯು ಕತೆಯಾದಂತೆ, ಭೂಮಿಯು ಬುವಿಯಾದಂತೆ, ಮಹಾಪ್ರಾಣವನ್ನು ನೀಗಿ ‘ಕಂಬ’ವಾಯಿತು. ತೆಲುಗು, ತಮಿಳುಗಳಲ್ಲಿಯೂ ಈ ಶಬ್ದವಿರುವುದರಿಂದ ಇದು ಬೀದರದ ದಖನಿಯಿಂದ ಈಚೆಗೆ ಬಂದುದೆಂದು ಶಂಕಿಸಲು ಅವಕಾಶವಿಲ್ಲ.

ಅರ್ಥವೂ ಇದಕ್ಕೆ ಅನುಕೂಲವಾಗಿಯೇ ಇದೆ. ಅಥರ್ವವೇದದ ಹತ್ತನೆಯ ಕಾಂಡದ ಏಳನೆಯ ಸೂಕ್ತದಲ್ಲಿ ಸ್ಕಂಭನು ದ್ಯಾವಾಪೃಥಿವಿಗಳಿಗೆ ಆಧಾರನಾದವನು. ಮೇಲಣ ಭಾರವನ್ನು ಹೊತ್ತು ನೆಲಕ್ಕೆ ಒಪ್ಪಿಸುವುದೇ ವಾಸ್ತುಶಾಸ್ತ್ರಜ್ಞರ ಕಂಬದ ಲಕ್ಷಣ. ಆದರೆ ಈ ಸಾಮ್ಯವನ್ನೇ ಮುಖ್ಯ ಪ್ರಮಾಣವಾಗಿ ಹಿಡಿಯಲಾಗದು. ಏನನ್ನೂ ಹೊರದೆ ಒಂಟಿಯಾಗಿ ನಿಲ್ಲುವ ಗರುಡಗಂಬವೂ ಕನ್ನಡಿಗರಿಗೆ ಕಂಬವೇ. ಅರ್ಥವು ಬಳಕೆಯಿಂದ ಹಿಗ್ಗುತ್ತದೆ. ಧ್ವನಿನಿಯಮವು ಅಷ್ಟು ಸುಲಭವಾಗಿ ಸಡಿಲುವುದಿಲ್ಲ.

ಈ ಭೇದವು ಕೇವಲ ಪಂಡಿತರ ಚರ್ಚೆಗೆ ಸೀಮಿತವಾದುದಲ್ಲ. ‘ಸ್ತ’ಕಾರವು ‘ಕ’ಕಾರವಾಗುವುದೆಂದು ಕಲಿತ ವಿದ್ಯಾರ್ಥಿಯು ಇಲ್ಲದ ನಿಯಮವೊಂದನ್ನು ಕಲಿತಂತಾಗುತ್ತದೆ. ಪಾಠಪುಸ್ತಕಗಳಲ್ಲಿ ಸ್ತಂಭವನ್ನು ಕಂಬದ ಸಮಾನಾರ್ಥಕವೆಂದು ಉಳಿಸಿಕೊಂಡು, ತದ್ಭವದ ಪಟ್ಟಿಯಲ್ಲಿ ಸ್ಕಂಭ, ಖಂಭ, ಕಂಬ ಎಂಬ ಕ್ರಮವನ್ನು ತೋರಿಸುವುದು ಉಚಿತ.